ಸೀಲಾದ ಝೈಲಝಿನ್, ತುರ್ವಿಹಾಳದ ಬೇಗಂ

ನಿವೃತ್ತಿಯ ಹಿಂದಿನ ವರ್ಷ ನಾನು ಸಿಂಧನೂರಿನಲ್ಲಿ ಸರ್ಕಾರಿ ಪಶುವೈದ್ಯಾಧಿಕಾರಿಯಾಗಿದ್ದೆ. ಝೈಲಝಿನ್ ಮೇಲೆ ನಮ್ಮ ಕಡೆ ಬಿಗಿ ಕ್ರಮ ಶುರುವಾದದ್ದು ಆಗಲೇ. ದನ, ಎಮ್ಮೆಗಳಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ಮಂಪರು ಬರಿಸುವ ಇಂಜೆಕ್ಷನ್ ಅದು, ಮನುಷ್ಯರಿಗೆ ಕೊಡುವಂತಿಲ್ಲ. ಆದರೂ ಅದನ್ನು ಮಾದಕ ಪದಾರ್ಥಗಳಿಗೆ ಬೆರೆಸುವವರು ಹುಟ್ಟಿಕೊಂಡಿದ್ದರು. ಸೇವಿಸಿದವರ ಉಸಿರಾಟ ಕುಗ್ಗಿ ಜೀವಕ್ಕೇ ಅಪಾಯ. ಹಾಗಾಗಿ ಪರಿಶೀಲನೆ ಮುಗಿಯುವ ತನಕ ಔಷಧ ಅಂಗಡಿಗಳ ದಾಸ್ತಾನಿಗೆ ಸೀಲ್ ಹಾಕಬೇಕೆಂದು ಸೂಚನೆ ಬಂದಾಗ ನಾನು ಮನಸಾರೆ ಒಪ್ಪಿದೆ.

ಸೀಲ್ ಹಾಕಿದವರು ಡ್ರಗ್ಸ್ ಇನ್‌ಸ್ಪೆಕ್ಟರ್ ಶಿವರಾಜ. ಹೊಸದಾಗಿ ಬಂದಿದ್ದ ತರುಣ, ಬಲು ಕಟ್ಟುನಿಟ್ಟು.

ಅದೇ ವಾರ ಒಂದು ಬೆಳಿಗ್ಗೆ ತುರ್ವಿಹಾಳದ ಹುಸೇನಬಿ ಫೋನ್ ಮಾಡಿದಳು. ನಾಲ್ಕಾರು ಮನೆಗಳಿಗೆ ಹಾಲು ಹಾಕಿ ಸಂಸಾರ ನಡೆಸುವ ಹೆಂಗಸು.

"ಡಾಕ್ಟ್ರಮ್ಮಾ, ನಮ್ಮ ಬೇಗಂ ಮುಳ್ಳತಂತಿ ದಾಟಾಕ ಹೋಗಿ ಮೊಲಿ ಹರಕೊಂಡಾಳ್ರೀ! ಹಾಲು ಸೋರಾಕತ್ತೈತಿ. ಕೈ ಇಟ್ರ ಒದಿತಾಳ."

ಬೇಗಂ ಎಂದರೆ ಆಗಷ್ಟೇ ಕರು ಹಾಕಿದ ಮುರ್ರಾ ತಳಿಯ ಎಮ್ಮೆ. ಹೋಗಿ ನೋಡಿದೆ. ಮೊಲೆ ಉದ್ದಕ್ಕೆ ಸೀಳಿ, ಒಳಗಿನ ಹಾಲಿನ ನಾಳವೂ ತೆರೆದುಕೊಂಡಿತ್ತು. ಅಂದೇ ಹೊಲಿಯದಿದ್ದರೆ ಕೆಚ್ಚಲಿಗೆ ಸೋಂಕು ತಗಲುವ ಭಯ. ಮರಗಟ್ಟಿಸುವ ಸೂಜಿ ಚುಚ್ಚಲೆಂದು ಕೂತದ್ದೇ ತಡ, ಅವಳ ಒದೆತಕ್ಕೆ ನನ್ನ ಔಷಧದ ಪೆಟ್ಟಿಗೆ ತಿಪ್ಪೆಗೆ ಹಾರಿತು. ಬಾಣಂತಿ ಎಮ್ಮೆಯನ್ನು ಹಗ್ಗ ಹಾಕಿ ಕೆಡವುವ ಧೈರ್ಯ ನನಗಿರಲಿಲ್ಲ. ಮಂಪರು ಬೇಕೇ ಬೇಕು. ಆದರೆ ಆಸ್ಪತ್ರೆಯ ಝೈಲಝಿನ್ ಮುಗಿದಿತ್ತು, ಅಂಗಡಿಯದು ಸೀಲಾಗಿತ್ತು.

ಮಸ್ಕಿಯಲ್ಲಿ ತಪಾಸಣೆಯಲ್ಲಿದ್ದ ಶಿವರಾಜರಿಗೆ ಫೋನ್ ಮಾಡಿದೆ.

"ಸೀಲ್ ತೆಗಿಯಾಕ ಬರಂಗಿಲ್ರಿ ಮೇಡಂ," ಎಂದರು. "ಇವತ್ತ ನೀವು ಎಮ್ಮಿ ಅಂತೀರಿ, ನಾಳೆ ಎಲ್ಲಾರೂ ಎಮ್ಮಿ ಅಂತಾರ."

"ಹಂಗಾದ್ರ ನೀವೇ ಬಂದು ಎಮ್ಮಿ ನೋಡ್ರಿ. ಬಾಟ್ಲಿ ನಿಮ್ಮ ಕೈಯಾಗ ಇರ್ಲಿ, ನಾ ಎಷ್ಟು ತಗೋತೀನಿ ಅದನ್ನೂ ನೋಡ್ರಿ. ಆದ್ರ ತಡ ಮಾಡಬ್ಯಾಡ್ರಿ."

"ಮ್ಯಾಲಿನವರನ್ನ ಕೇಳ್ತೀನ್ರಿ," ಎಂದು ಶಿವರಾಜರು ಫೋನ್ ಇಟ್ಟರು. ಹುಸೇನಬಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಗಾಯಕ್ಕೆ ಒದ್ದೆ ಬಟ್ಟೆ ಹಿಡಿಯಲು ಹೋಗಿ ಇನ್ನೊಂದು ಒದೆತದಿಂದ ಸ್ವಲ್ಪದರಲ್ಲಿ ಪಾರಾದೆ.

ಮಧ್ಯಾಹ್ನದೊಳಗೆ ಜೀಪು ಬಂತು. ಶಿವರಾಜರು ಅನುಮತಿ ಪಡೆದು, ಸಿಂಧನೂರಿನ ಅಂಗಡಿಯ ಸೀಲ್ ತೆರೆದು, ಒಂದೇ ಬಾಟಲಿ ತಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಮ್ಮೆಯ ಹತ್ತಿರ ನಿಂತು ರೂಢಿಯಿಲ್ಲವೆಂಬುದು ನಿಂತ ಭಂಗಿಯಲ್ಲೇ ಗೊತ್ತಾಗುತ್ತಿತ್ತು. ಹುಸೇನಬಿ ಹಿಂದೆ ಬಾಲ ಹಿಡಿದಿದ್ದಳು, ಮುಂದೆ ಹಗ್ಗ ಹಿಡಿಯಲು ಬೇರೆ ಯಾರೂ ಇರಲಿಲ್ಲ. ನಾನು ಅವರಿಗೇ ಕೊಟ್ಟೆ.

ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಬೇಗಂ ತಲೆ ಇಳಿಬಿಟ್ಟು ಸೀದಾ ಇನ್‌ಸ್ಪೆಕ್ಟರರ ಎದೆಗೆ ಒರಗಿದಳು. ಝೈಲಝಿನ್ ಕೊಟ್ಟರೆ ಜೊಲ್ಲು ಧಾರಾಳವಾಗಿ ಸುರಿಯುತ್ತದೆ. ಅದನ್ನು ಮೊದಲೇ ಅವರಿಗೆ ಹೇಳಲು ನನಗೆ ಪುರಸೊತ್ತಾಗಿರಲಿಲ್ಲ. ಬಿಳಿ ಅಂಗಿ ಕ್ಷಣದಲ್ಲಿ ತೊಯ್ದುಹೋಯಿತು.

ಬೆಳಗಿನಿಂದ ಅಳುಮೋರೆ ಮಾಡಿಕೊಂಡಿದ್ದ ಹುಸೇನಬಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಸಾಹೇಬ್ರ, ಬೇಗಂ ನಿಮಗ ಸಲಾಂ ಮಾಡಾಕತ್ತಾಳ್ರೀ!"

ಶಿವರಾಜರೂ ನಕ್ಕುಬಿಟ್ಟರು. ನಾನು ಪದರ ಪದರವಾಗಿ ಹೊಲಿಗೆ ಹಾಕುವಷ್ಟು ಹೊತ್ತೂ ಅವರು ಆ ಭಾರದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, "ಆತವ್ವ, ಇನ್ನೇನ ಮುಗೀತು," ಎಂದು ಸಮಾಧಾನ ಹೇಳುತ್ತಿದ್ದರು. ಕೆಲಸ ಮುಗಿದ ಮೇಲೆ ಉಳಿದ ಔಷಧಕ್ಕೆ ಅಲ್ಲೇ ಮತ್ತೆ ಸೀಲ್ ಹಾಕಿದರು. ಔಷಧದ ಅಂಶ ಹೋಗುವವರೆಗೆ ಹಾಲು ಮಾರಬಾರದೆಂದು ನಾನು ಹೇಳಿದ್ದನ್ನು ಹುಸೇನಬಿ ಒಪ್ಪಿದಳು. ಕರುವಿಗೆ ಪಕ್ಕದ ಮನೆಯ ಎಮ್ಮೆಯ ಹಾಲು ಸಿಕ್ಕಿತು.

ಹೊಲಿಗೆ ಬಿಚ್ಚುವ ದಿನ ಶಿವರಾಜರು ಇಲ್ಲಿ ಯಾವ ಕೆಲಸವೂ ಇಲ್ಲದಿದ್ದರೂ ತಪಾಸಣೆಗೆ ಹೋಗಿದ್ದ ಲಿಂಗಸುಗೂರಿನಿಂದ ಬಂದಿದ್ದರು, ಈ ಸಲ ಹಳೆಯ ಅಂಗಿಯಲ್ಲಿ. ಹುಸೇನಬಿ "ಬಿಸ್ಮಿಲ್ಲಾ" ಎಂದು ಆ ಮೊಲೆಯನ್ನು ಹಿಂಡಿದಳು. ಹಾಲಿನ ಧಾರೆ ಚೊಯ್ಯೆಂದು ತಂಬಿಗೆಗೆ ಬಿತ್ತು. ಮೂವರೂ ಒಟ್ಟಿಗೆ ಕೂಗಿದೆವು.

ಅಂಗಡಿಗಳ ಮೇಲಿನ ಬಿಗಿ ಸಡಿಲವಾಗಲಿಲ್ಲ, ಆಗಬಾರದಿತ್ತು ಕೂಡ. ಆದರೆ ಶಿವರಾಜರು ಮೇಲಧಿಕಾರಿಗಳೊಂದಿಗೆ ಮಾತಾಡಿ, ತುರ್ತಿಗೆಂದು ನಮ್ಮ ಆಸ್ಪತ್ರೆಯಲ್ಲಿ ಒಂದು ಬಾಟಲಿ ಬೀಗದೊಳಗೆ ಸದಾ ಇರುವಂತೆ ಮಾಡಿದರು. ಒಂದು ಔಷಧ ಯಾರ ಕೈ ಸೇರಬಾರದು ಎಂದು ಯೋಚಿಸುವವರು, ಅದು ಯಾರ ಕೈಗೆ ಬೇಗ ಸೇರಬೇಕು ಎಂದೂ ಯೋಚಿಸಬೇಕು. ಎರಡನೆಯದು ಕಚೇರಿಯಲ್ಲಿ ಕೂತರೆ ಹೊಳೆಯುವುದು ಕಷ್ಟ. ದನದ ಕೊಟ್ಟಿಗೆಗೆ ಬಂದು ಹಗ್ಗ ಹಿಡಿಯಬೇಕಾಗುತ್ತದೆ.