ರುಚಿಯ ಕಾಲಂ

ಶಂಕರಪ್ಪನವರು ಜೀವಮಾನದಲ್ಲಿ ಒಂದು ಸೀಗಡಿಯನ್ನೂ ತಿಂದವರಲ್ಲ. ಅವರು ಪಾಸು ಮಾಡಿ ಕಳಿಸಿದ ಸೀಗಡಿಯನ್ನು ಮಾತ್ರ ಅಮೆರಿಕದವರು ಇಪ್ಪತ್ತು ವರ್ಷದಿಂದ ತಿನ್ನುತ್ತಿದ್ದಾರೆ. ಊರು ನರಗುಂದ, ಕೊರಳಲ್ಲಿ ಲಿಂಗ, ಮಧ್ಯಾಹ್ನದ ಡಬ್ಬಿಯಲ್ಲಿ ಜೋಳದ ರೊಟ್ಟಿ, ಕೆಲಸ ವಿಶಾಖಪಟ್ಟಣದ ಒಂದು ಸೀಗಡಿ ರಫ್ತು ಕಾರ್ಖಾನೆಯ ಲ್ಯಾಬಿನಲ್ಲಿ. ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ಅವರಿಗೆ ಯಾವತ್ತೂ ಅನ್ನಿಸಿದಂತಿಲ್ಲ. ಅನ್ನಿಸಿದ್ದು ನನಗೆ. ತುಮಕೂರಿನಿಂದ ಮೈಕ್ರೋಬಯಾಲಜಿ ಓದಿಕೊಂಡು, ಎರಡು ವರ್ಷದ ಮಟ್ಟಿಗೆ ಅಂತ ಅದೇ ಲ್ಯಾಬಿಗೆ ಸೇರಿದವಳು ನಾನು. ಮೊದಲ ವಾರವೇ ಕೇಳಿಬಿಟ್ಟೆ.

“ಅಲ್ಲ ಸರ್, ತಿನ್ನದೇನೇ ಚೆನ್ನಾಗಿದೆ ಅಂತ ಹೇಗೆ ಬರೀತೀರಾ?”

“ತೃಪ್ತಿ, ಅಕ್ಕಸಾಲಿಗ ಬಂಗಾರ ತಿಂದು ನೋಡ್ತಾನೇನು?”

ಅವರ ಮಾತಿಗೆ ಉತ್ತರ ಹೊಳೆಯಲು ನನಗೆ ಸಾಮಾನ್ಯವಾಗಿ ಒಂದು ದಿನ ಬೇಕು. ಅಷ್ಟರಲ್ಲಿ ಅವರು ಮರೆತಿರುತ್ತಾರೆ.

ಅವರ ಬಂಡವಾಳವೆಲ್ಲ ಮೂಗು. ವಿಜಯವಾಡದ ಸುತ್ತಿನ ಸಾಕಣೆ ಹೊಂಡಗಳಿಂದ ಐಸು ತುಂಬಿದ ಪೆಟ್ಟಿಗೆಗಳಲ್ಲಿ ಸೀಗಡಿ ಬರುತ್ತದೆ. ಒಂದೊಂದು ಹೊಂಡದ ಮಾಲಿನಿಂದ ಹತ್ತು ಸೀಗಡಿ ತೆಗೆದು, ಉಪ್ಪು ಹಾಕದ ನೀರಿನಲ್ಲಿ ನಾನು ಬೇಯಿಸುತ್ತೇನೆ. ಮುಚ್ಚಳ ಎತ್ತಿದ ಕೂಡಲೇ ಶಂಕರಪ್ಪನವರು ಬಗ್ಗಿ, ಕಣ್ಣು ಮುಚ್ಚಿ, ಒಂದೇ ಸಲ ಉಸಿರು ಎಳೆದುಕೊಳ್ಳುತ್ತಾರೆ. ಆಮೇಲೆ “ಅಡ್ಡಿಯಿಲ್ಲ” ಅನ್ನುತ್ತಾರೆ, ಇಲ್ಲವೇ “ಮಣ್ಣು” ಅನ್ನುತ್ತಾರೆ. ಹೊಂಡದ ನೀರು ಕೆಟ್ಟರೆ ಸೀಗಡಿಗೆ ಮಣ್ಣಿನ ವಾಸನೆ ಹತ್ತುತ್ತದೆ, ತೊಳೆದರೂ ಹೋಗುವುದಿಲ್ಲ. ಅದನ್ನು ಹೇಳಲು ಯಂತ್ರಕ್ಕೆ ಎರಡು ದಿನ ಬೇಕು. ಇವರಿಗೆ ಸೀನಲು ಬೇಕಾಗುವಷ್ಟು ಹೊತ್ತು ಸಾಕು.

ಫಾರಮ್ಮಿನಲ್ಲಿ ನಾಲ್ಕು ಕಾಲಂ: ಬಣ್ಣ, ವಾಸನೆ, ಗಟ್ಟಿತನ, ರುಚಿ. ಮೊದಲ ಮೂರನ್ನು ಅವರು ಸೀಗಡಿ ನೋಡಿ ತುಂಬುತ್ತಿದ್ದರು, ನಾಲ್ಕನೆಯದನ್ನು ಎರಡನೆಯ ಕಾಲಂ ನೋಡಿ ತುಂಬುತ್ತಿದ್ದರು. “ವಾಸನಿ ಚಲೋ ಇದ್ರ ರುಚಿ ಎಲ್ಲಿಗಿ ಹೊಕ್ಕೈತಿ?” ಎಂಬುದು ಅವರ ವಾದ. ಇಪ್ಪತ್ತು ವರ್ಷದಲ್ಲಿ ಒಂದು ಕಂಟೇನರೂ ವಾಪಸು ಬಂದಿರಲಿಲ್ಲ, ಆದ್ದರಿಂದ ವಾದಕ್ಕೆ ಎದುರು ವಾದವೂ ಬಂದಿರಲಿಲ್ಲ.

ಬೆಳಿಗ್ಗೆ ದ್ವಾರಕಾ ನಗರದಲ್ಲಿ ಪರವಾಡದ ಔಷಧಿ ಕಂಪನಿಗಳ ಬಸ್ಸು ನಿಲ್ಲುವ ಕಡೆಯೇ ನಮ್ಮ ಬಸ್ಸೂ ನಿಲ್ಲುತ್ತದೆ. ಆ ಕಂಪನಿಗಳ ಜನ ನಮ್ಮನ್ನು ಕಂಡರೆ ನಾಲ್ಕು ಹೆಜ್ಜೆ ದೂರ ಸರಿಯುತ್ತಾರೆ. ಅವರ ಮೈಮೇಲೇನು ಮಲ್ಲಿಗೆ ಅರಳಿರುವುದಿಲ್ಲ. ಶಂಕರಪ್ಪನವರು ಅವರ ಪಕ್ಕ ಹಾದುಹೋಗುವಾಗ ಮೂಗು ಮುಚ್ಚಿಕೊಳ್ಳುತ್ತಾರೆ. ಅದು ಸೇಡಿಗಲ್ಲ, ಉಪಕರಣ ಕೆಡಬಾರದು ಎಂದು.

ಅವರ ಹೆಂಡತಿ ಸಾಯಿಲಕ್ಷ್ಮಿ ವಿಜಯವಾಡದವರು. ತಂದೆಯದು ಅಲ್ಲಿ ಮೀನಿನ ಅಂಗಡಿ. ಕಂಪನಿ ಆ ಊರಿನಲ್ಲಿ ಹೊಂಡಗಳ ಸ್ಯಾಂಪಲ್ ಕೂಡಿಸಲು ಇಟ್ಟಿದ್ದ ಪುಟ್ಟ ಆಫೀಸಿನಲ್ಲಿ ಅವರು ಕೆಲಸಕ್ಕಿದ್ದರು. ಶಂಕರಪ್ಪನವರು ತಿಂಗಳಿಗೊಮ್ಮೆ ಹೋಗುತ್ತಿದ್ದರು. ಎರಡು ವರ್ಷ ಇಬ್ಬರೂ ಸೀಗಡಿಯ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲವಂತೆ, ಮೂರನೆಯ ವರ್ಷ ಮದುವೆಯಾದರಂತೆ. ನರಗುಂದದ ತಾಯಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಹುಡುಗಿ ಮೀನು, ಸೀಗಡಿ, ಮಾಂಸ ಯಾವುದನ್ನೂ ಇನ್ನು ಮುಟ್ಟಬಾರದು. ಸಾಯಿಲಕ್ಷ್ಮಿ ದೀಪದ ಮುಂದೆ ಕೈ ಇಟ್ಟು ಆಣೆ ಮಾಡಿದರು. ಅತ್ತೆ ತೀರಿಹೋಗಿ ಆರು ವರ್ಷವಾಯಿತು. ಆಣೆಗೆ ಹದಿನೆಂಟು ವರ್ಷವಾಯಿತು.

ಕಳೆದ ವರ್ಷ ಅಮೆರಿಕ ಸುಂಕ ಏರಿಸಿತು. ಯಾಕೆ ಏರಿಸಿತು ಎಂದು ಟಿವಿಯಲ್ಲಿ ನಾಲ್ಕು ಜನ ಕೂತು ನಾಲ್ಕು ಕಾರಣ ಕೊಟ್ಟರು, ಜಗತ್ತಿನ ವ್ಯಾಪಾರ ಎತ್ತ ಸಾಗಿದೆ ಎಂದು ಬಾಣದ ಗುರುತು ಹಾಕಿ ತೋರಿಸಿದರು. ಅದರಲ್ಲೊಂದು ಬಾಣ ಶಂಕರಪ್ಪನವರ ಬಾಯಿಯ ಕಡೆಗೆ ಹೊರಟಿದೆ ಎಂದು ಒಬ್ಬರೂ ಹೇಳಲಿಲ್ಲ.

ಆದದ್ದು ಇಷ್ಟು. ಅಮೆರಿಕದ ಆರ್ಡರು ಅರ್ಧಕ್ಕಿಳಿಯಿತು. ಮಾಲೀಕರು ಬೇರೆ ದೇಶ ಹುಡುಕಿದರು. ಜಪಾನಿನ ಒಬ್ಬ ಖರೀದಿದಾರರು ಸಿಕ್ಕರು, ಮೊರಿತಾ ಎಂದು ಹೆಸರು. ಅವರು ಸೀಗಡಿ ಕೇಳುವ ಮೊದಲು ನಲವತ್ತು ಪುಟದ ನಿಯಮ ಕಳಿಸಿದರು. ಅದರ ಮೂವತ್ತೊಂದನೆಯ ಪುಟದಲ್ಲಿ, ರುಚಿಯ ಕಾಲಂಗೆ ಸಹಿ ಮಾಡುವ ವ್ಯಕ್ತಿ ಸ್ವತಃ ರುಚಿ ನೋಡತಕ್ಕದ್ದು ಎಂದಿತ್ತು. ಮುಂದಿನ ಗುರುವಾರ ಮೊರಿತಾ ತಾವೇ ಬಂದು ಐದು ಪ್ಲೇಟು ಇಡುತ್ತಾರೆ. ಯಾವ ಪ್ಲೇಟಿನಲ್ಲಿ ಮಣ್ಣಿದೆ ಎಂದು ತಿಂದು ಹೇಳಬೇಕು. ಹೇಳುವವರಿಲ್ಲದಿದ್ದರೆ ಆರ್ಡರಿಲ್ಲ.

ನಮ್ಮ ಮ್ಯಾನೇಜರು ದುರ್ಗಾಪ್ರಸಾದ್ ಅವರು ಶಂಕರಪ್ಪನವರನ್ನು ಕರೆದು ಕೂರಿಸಿಕೊಂಡರು. “ಶಂಕರಪ್ಪಗಾರೂ, ಒಂದೇ ಒಂದು ತುಂಡು. ಮಾತ್ರೆ ಅಂದ್ಕೊಳ್ಳಿ. ಇಲ್ಲಾಂದ್ರೆ ಮಾಲೀಕರು ಈ ಸೀಟಿಗೆ ತಿನ್ನೋರನ್ನ ತರ್ತಾರೆ. ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲಂಡಿ.”

ಬೇರೆಯವರನ್ನು ಪರೀಕ್ಷಿಸಿ ನೋಡಲಿಲ್ಲವೆಂದಲ್ಲ. ಸಿಪ್ಪೆ ಸುಲಿಯುವ ವಿಭಾಗದ ಮೇಲ್ವಿಚಾರಕಿ ಹೈಮಾವತಿಯವರು, ಅವರ ಕೈಕೆಳಗಿನ ನಾಲ್ವರು ಹೆಂಗಸರು, ಎಲ್ಲರೂ ಹುಟ್ಟಿದಾಗಿನಿಂದ ಸೀಗಡಿ ತಿಂದವರು. ನಾನು ಉಪ್ಪಿಲ್ಲದೆ ಬೇಯಿಸಿ ಐದು ಪ್ಲೇಟು ಇಟ್ಟೆ. ಐವರೂ ಐದಕ್ಕೂ ಒಂದೇ ತೀರ್ಪು ಕೊಟ್ಟರು: ಉಪ್ಪಿಲ್ಲ, ಖಾರವಿಲ್ಲ. ಹೈಮಾವತಿಯವರು ಸ್ವಲ್ಪ ಹುಣಸೆಹಣ್ಣು ಸಿಕ್ಕರೆ ಇನ್ನೊಮ್ಮೆ ನೋಡುತ್ತೇನೆ ಎಂದರು.

ಶಂಕರಪ್ಪನವರಿಗೆ ಐವತ್ತೊಂದು ವರ್ಷ. ಮಗಳು ಅಖಿಲಾ ಇಂಟರ್, ಅಂದರೆ ನಮ್ಮ ಪಿಯುಸಿ, ಎರಡನೆಯ ವರ್ಷ. ಈ ವಯಸ್ಸಿನಲ್ಲಿ ಬರೀ ಮೂಗಿಗೆ ಕೆಲಸ ಕೊಡುವವರು ಯಾರು?

ಆ ಭಾನುವಾರ ಅವರ ಮನೆಯಲ್ಲಿ ನನಗೆ ಊಟ. ಮನೆ ಸಿಂಹಾಚಲಂ ಬೆಟ್ಟದ ಬುಡದಲ್ಲಿದೆ. ಮನೆ ಮಾಲೀಕರು ಕಸದಲ್ಲಿ ಮೊಟ್ಟೆಯ ಸಿಪ್ಪೆ ಕಂಡರೂ ಬಾಡಿಗೆದಾರರನ್ನು ಖಾಲಿ ಮಾಡಿಸುವಂಥವರು. ಸಾಯಿಲಕ್ಷ್ಮಿಯವರು ರೊಟ್ಟಿ ಬಡಿಯುತ್ತಿದ್ದರು. ಅತ್ತೆಯಿಂದ ಕಲಿತದ್ದು, ಈಗ ನರಗುಂದದಲ್ಲೂ ಅಷ್ಟು ತೆಳ್ಳಗೆ ಬಡಿಯುವವರು ಕಡಿಮೆಯಂತೆ. ಶಂಕರಪ್ಪನವರು ಎಣ್ಣೆಗಾಯಿ ಕಲಸಿಕೊಳ್ಳುತ್ತಾ, ನಾಳೆ ನಲ್ಲಿ ನೀರು ಬರುವುದಿಲ್ಲ ಎನ್ನುವ ಧಾಟಿಯಲ್ಲಿ, “ಗುರುವಾರ ನಾ ಸೀಗಡಿ ತಿನ್ನಾಂವ ಅದೀನಿ” ಎಂದರು.

ರೊಟ್ಟಿಯ ಸಪ್ಪಳ ನಿಂತಿತು.

“ಏಮಂಡೀ, ಏನಂದ್ರಿ?”

“ಕೆಲಸದ ಸಲುವಾಗಿ. ಶಿವನ ಮುಂದ ತಪ್ಪಾತು ಅಂತ ಕೇಳ್ಕೋತೀನಿ.”

“ಕೆಲಸದ ಸಲುವಾಗಿ ತಿನ್ನಬೌದಾ?” ಸಾಯಿಲಕ್ಷ್ಮಿ ಹಿಟ್ಟಿನ ಕೈಯಲ್ಲೇ ಎದ್ದು ಬಂದರು. “ನಾ ನಿಮ್ಮ ಸಲುವಾಗಿ ಬಿಟ್ಟೆ. ವಿಜಯವಾಡಕ್ಕೆ ಹೋದಾಗೆಲ್ಲಾ ಮಾ ಅಮ್ಮ ರೊಯ್ಯಲ ಇಗುರು, ಅದೇ ಸೀಗಡಿ ಪಲ್ಯ, ಮಾಡಿ ಎಲ್ರಿಗೂ ಬಡಸ್ತಾರೆ, ನಾ ಮೊಸರನ್ನ ಕಲಸ್ಕೊಂಡು ಏಳ್ತೀನಿ. ತಮ್ಮನ ಮದುವೇಲೂ ಹಂಗೇ ಎದ್ದೆ. ಈಗ ಯಾರೋ ಜಪಾನಿನಾಂವ ಒಂದು ಕಾಗದ ಕಳಿಸಿದ್ರೆ ನೀವು ತಿಂತೀರಿ!”

“ಮತ್ತೇನ್ ಮಾಡ್ಲಿ? ಕೆಲಸ ಹೋದ್ರ?”

“ತಿನ್ರಿ. ನಾ ಬ್ಯಾಡ ಅನ್ಲಿಲ್ಲ. ಆದ್ರೆ ಬಿಡೋದು ಕಷ್ಟ ಆಯ್ತಾ ಅಂತ ನನ್ನ ಯಾರೂ ಒಂದಿನ ಕೇಳ್ಲಿಲ್ಲಂಡಿ. ನಿಮ್ಮಮ್ಮ ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ.”

ಅಖಿಲಾ ತೆಲುಗಿನಲ್ಲಿ, ಅಮ್ಮ ಹೇಳುವುದು ನಿಜ ಎಂದಳು. ಶಂಕರಪ್ಪನವರು ನನ್ನ ಮುಖ ನೋಡಿದರು. ನಾನು ಹಪ್ಪಳ ನೋಡಿದೆ. ಇಂಥ ಹೊತ್ತಿನಲ್ಲಿ ಅತಿಥಿಗಳು ಏನು ಮಾಡಬೇಕು ಎಂಬುದು ನಲವತ್ತು ಪುಟದ ನಿಯಮದಲ್ಲೂ ಇಲ್ಲ. ಸಾಯಿಲಕ್ಷ್ಮಿಯವರು ಹೋಗಿ ಮತ್ತೆ ರೊಟ್ಟಿ ಬಡಿಯತೊಡಗಿದರು, ಆ ರೊಟ್ಟಿ ಹರಿಯಿತು. ಅವರ ಮೇಲೆ ನನಗೆ ಕನಿಕರವಾಯಿತು. ಶಂಕರಪ್ಪನವರ ಮೇಲೆ ಕೋಪ ಬಂತು, ಕೆಲಸ ಹೋದರೆ ಗತಿಯೇನೆಂದು ಅವರ ಮೇಲೂ ಕನಿಕರವಾಯಿತು.

ಬುಧವಾರದವರೆಗೆ ಶಂಕರಪ್ಪನವರು ಔಷಧಿ ಬಸ್ಸಿನವರ ಪಕ್ಕ ಮೂಗು ಮುಚ್ಚಿಕೊಳ್ಳುವುದನ್ನೂ ಮರೆತರು.

ಗುರುವಾರ ಮೊರಿತಾ ಬಂದರು. ಸಣಕಲು ಆಸಾಮಿ, ತಾವೇ ತಂದ ಬಿಳಿ ಚಪ್ಪಲಿ ಹಾಕಿಕೊಂಡು ಲ್ಯಾಬಿನೊಳಗೆ ಬಂದರು. ಐದು ಪ್ಲೇಟು ಜೋಡಿಸಿ, ಉತ್ತರವನ್ನು ಒಂದು ಲಕೋಟೆಯಲ್ಲಿ ಹಾಕಿ ಅಂಟಿಸಿದರು. ಶಂಕರಪ್ಪನವರು ಇಕ್ಕಳದಲ್ಲಿ ಒಂದು ಸೀಗಡಿ ಎತ್ತಿ ತುಟಿಯ ತನಕ ತಂದರು. ದುರ್ಗಾಪ್ರಸಾದ್ ಅವರು ಮನಸ್ಸಿನಲ್ಲೇ ಸಿಂಹಾಚಲಂ ಬೆಟ್ಟದ ಸಿಂಹಾದ್ರಿ ಅಪ್ಪನಿಗೆ ಏನೋ ಹರಕೆ ಹೊತ್ತಂತೆ ಕಂಡಿತು.

ಶಂಕರಪ್ಪನವರು ಸೀಗಡಿಯನ್ನು ಮತ್ತೆ ಪ್ಲೇಟಿನಲ್ಲಿಟ್ಟರು. ತಮ್ಮ ನಿಧಾನದ ಇಂಗ್ಲಿಷಿನಲ್ಲಿ, ನಾನು ಇದನ್ನು ತಿನ್ನುವವನಲ್ಲ ಎಂದರು. ಇಪ್ಪತ್ತು ವರ್ಷ ರುಚಿಯ ಕಾಲಂ ತುಂಬಿದ್ದು ಮೂಗಿನಿಂದ ಎಂದರು. ಅಮೆರಿಕದವರು ಕೇಳಲಿಲ್ಲ, ಅದಕ್ಕೆ ನಾನು ಹೇಳಲಿಲ್ಲ ಎಂದರು. ದುರ್ಗಾಪ್ರಸಾದ್ ಅವರು ಹತ್ತಿರದ ಸ್ಟೂಲಿನ ಮೇಲೆ ಕೂತರು.

ಮೊರಿತಾ ಪ್ಲೇಟುಗಳನ್ನು ಅವರತ್ತ ಸರಿಸಿ, ಹಾಗಾದರೆ ಮೂಸಿ ಹೇಳಿ ಎಂದರು. ಶಂಕರಪ್ಪನವರು ಐದಕ್ಕೂ ಬಗ್ಗಿದರು. ಎರಡು, ನಾಲ್ಕು ಎಂದರು. ಲಕೋಟೆಯಲ್ಲೂ ಎರಡು, ನಾಲ್ಕು ಎಂದೇ ಇತ್ತು. ಮೊರಿತಾ ಸೊಂಟದವರೆಗೆ ಬಾಗಿ ಆ ಮೂಗಿಗೆ ನಮಸ್ಕರಿಸಿದರು. ಆಮೇಲೆ ನೆಟ್ಟಗಾಗಿ, ಆದರೆ ಕಾಲಂ ಹೆಸರು ರುಚಿ ಎಂದಿದೆಯಲ್ಲ, ಅದನ್ನು ಯಾರು ನೋಡುತ್ತಾರೆ ಎಂದು ಕೇಳಿದರು.

“ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ” ಎಂದರು ಶಂಕರಪ್ಪನವರು. ಮೀನಿನ ಅಂಗಡಿಯಲ್ಲಿ ಬೆಳೆದವಳು, ನಮ್ಮ ಸ್ಯಾಂಪಲ್ ಆಫೀಸಿನಲ್ಲೇ ಇದ್ದವಳು, ಹದಿನೆಂಟು ವರ್ಷದಿಂದ ಮುಟ್ಟಿಲ್ಲ ಎಂದರು. ಕೊನೆಯ ಮಾತು ಹೇಳಬಾರದಿತ್ತು ಎಂಬಂತೆ ದುರ್ಗಾಪ್ರಸಾದ್ ಅವರು ಹಣೆ ಒತ್ತಿಕೊಂಡರು. ಮೊರಿತಾಗೆ ಮಾತ್ರ ಅದೇ ಹಿಡಿಸಿತು. ಹದಿನೆಂಟು ವರ್ಷ ತೊಳೆದಿಟ್ಟ ನಾಲಿಗೆ ಎಂದರು. ಆ ನಾಲಿಗೆ ದಿನಾ ಎಷ್ಟು ಗೊಂಗೂರ ಚಟ್ನಿ, ಎಷ್ಟು ಒಣಮೆಣಸಿನಕಾಯಿ ಕಂಡಿದೆ ಎಂಬ ವಿಷಯವನ್ನು ನಾವು ಯಾರೂ ಎತ್ತಲಿಲ್ಲ.

ಶಂಕರಪ್ಪನವರು ಅಲ್ಲೇ ಫೋನು ಮಾಡಿದರು. ಅವರ ಕೈಗೆ ಗ್ಲೌಸಿತ್ತು, ಸ್ಪೀಕರ್ ಹಾಕಿ ನಾನು ಹಿಡಿದುಕೊಂಡೆ.

“ಸಾಯಿ, ಊಟ ಆತೇನು?”

“ಇನ್ನೂ ಇಲ್ಲ. ಯಾಕಂಡಿ, ತಿಂದ್ರಾ?”

“ಇಲ್ಲ. ನೀ ಬಂದು ತಿಂತೀಯೇನು? ಇಲ್ಲಿ ಕೆಲಸ ಐತಿ.” ಅವರು ಫೋನಿನತ್ತ ಬಗ್ಗಿದರು. “ಆಣಿ ಅವ್ವಗ ಹಾಕಿದ್ದು. ಅವ್ವ ಹೋಗಿ ಆರು ವರ್ಷ ಆತು, ನಾ ಆದ್ರೂ ಬಿಡಿಸಬೇಕಾಗಿತ್ತು, ಬಿಡಿಸಲಿಲ್ಲ. ನಂದು ತಪ್ಪಾತು. ಬಿಡೋದು ಭಾಳ ಕಷ್ಟ ಆತೇನ್, ಸಾಯಿ?”

ಲ್ಯಾಬಿನ ಫ್ರೀಜರು ಒಮ್ಮೆ ಗುರ್ ಎಂದು ನಿಂತಿತು. ಆಮೇಲೆ ಸಾಯಿಲಕ್ಷ್ಮಿಯವರು ಮೂಗು ಒರೆಸಿಕೊಂಡದ್ದು ಕೇಳಿಸಿತು. ಸೀರೆ ಬದಲಾಯಿಸಿಕೊಂಡು ಬರುತ್ತೇನೆ ಎಂದು ತೆಲುಗಿನಲ್ಲಿ ಹೇಳಿ ಫೋನಿಟ್ಟರು.

ಬಂದದ್ದು ಮದುವೆಗಳಿಗೆ ಉಡುವ ರೇಷ್ಮೆ ಸೀರೆಯಲ್ಲಿ. ಅದರ ಮೇಲೆ ಬಿಳಿ ಕೋಟು, ಮಲ್ಲಿಗೆ ಮುಡಿದ ಜಡೆಯ ಮೇಲೆ ಟೋಪಿ. ನಾನು ಹೊಸದಾಗಿ ಬೇಯಿಸಿದೆ, ಮೊರಿತಾ ನಂಬರು ಬದಲಿಸಿ ಹೊಸ ಲಕೋಟೆ ಅಂಟಿಸಿದರು. ಅಗಿಯಬೇಕು, ಹೇಳಬೇಕು, ಕಾಗದದ ಕಪ್ಪಿನಲ್ಲಿ ಉಗಿಯಬೇಕು, ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ನಿಯಮವನ್ನು ದುರ್ಗಾಪ್ರಸಾದ್ ಅವರು ಎರಡು ಸಲ ವಿವರಿಸಿದರು.

ಸಾಯಿಲಕ್ಷ್ಮಿಯವರು ಮೊದಲನೆಯದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು. ನಿಧಾನವಾಗಿ ಅಗಿದರು.

“ಅಮ್ಮಾ, ಕಪ್ಪು” ಎಂದರು ದುರ್ಗಾಪ್ರಸಾದ್.

ಅವರು ನುಂಗಿದರು. “ಒಂದು, ಚಲೋ ಐತಿ” ಎಂದರು. ಎರಡನೆಯದನ್ನೂ ನುಂಗಿದರು. ಮೂರನೆಯದು ನಾಲಿಗೆಗೆ ತಾಗಿದ್ದೇ ತಡ, ಮುಖ ಕಿವುಚಿ ಕಪ್ಪಿಗೆ ಉಗಿದರು. “ಮಣ್ಣು. ಛೀ.” ನಾಲ್ಕನೆಯದನ್ನು ನುಂಗಿದರು. ಐದನೆಯದನ್ನು ಉಗಿದರು. ಮೊರಿತಾ ಕಪ್ಪಿನೊಳಗೆ ನೋಡಿದರು, ಲಕೋಟೆ ಒಡೆದು ನೋಡಿದರು. ಲೆಕ್ಕ ಸರಿಯಿತ್ತು. ಇನ್ನು ಮೇಲೆ ಫಾರಮ್ಮಿಗೆ ಎರಡು ಸಹಿ, ಮೂಗಿನವರದೊಂದು, ನಾಲಿಗೆಯವರದೊಂದು ಎಂದರು. ದುರ್ಗಾಪ್ರಸಾದ್ ಅವರು ಸ್ಟೂಲಿನಿಂದ ಎದ್ದು ಎಲ್ಲರ ಕೈ ಕುಲುಕಿದರು, ಗೋಡೆಗೊರಗಿ ನಿಂತಿದ್ದ ಹೈಮಾವತಿಯವರದೂ.

ಸಾಯಿಲಕ್ಷ್ಮಿಯವರು ಮಾತ್ರ ಪ್ಲೇಟುಗಳನ್ನೇ ನೋಡುತ್ತಾ ಕೂತಿದ್ದರು. ಕಣ್ಣು ತುಂಬಿತ್ತು. ನನಗೂ ಅಳು ಬಂತು. ಮಾಸ್ಕ್ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಮೇಜಿನ ಕೊನೆಯಲ್ಲಿ ಆರನೆಯದೊಂದು ಪ್ಲೇಟಿತ್ತು. ಹೋಲಿಸಿ ನೋಡಲು ಎಂದು ನಾನು ಆರಿಸಿಟ್ಟಿದ್ದ ಒಳ್ಳೆಯ ಮಾಲು, ಕೆಲಸ ಮುಗಿದ ಮೇಲೆ ಎಸೆಯುವಂಥದ್ದು. ಶಂಕರಪ್ಪನವರು ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಕಾಗದದ ಕಪ್ಪನ್ನು ಪಕ್ಕಕ್ಕೆ ಸರಿಸಿ, ಹೆಂಡತಿಯ ಮುಂದೆ ಇಟ್ಟರು.

“ಇದು ಎಷ್ಟನೇ ನಂಬರಂಡಿ?” ಎಂದರು ಸಾಯಿಲಕ್ಷ್ಮಿ.

“ಇದಕ್ಕ ನಂಬರ ಇಲ್ಲ” ಎಂದರು ಶಂಕರಪ್ಪನವರು. “ನೀ ತಿನ್ನು.”