ಕಪ್ಪಾಗಬೇಕೆಂದ ಮಲ್ಲೇಶಿ

ಬಳ್ಳಾರಿಯ ಗಾಂಧಿನಗರದಲ್ಲಿ ನಾನು ಬ್ಯೂಟಿ ಪಾರ್ಲರ್ ನಡೆಸುತ್ತ ಬಂದ ಇಷ್ಟು ವರ್ಷಗಳಲ್ಲಿ, ಕಪ್ಪಾಗಬೇಕು ಎಂದು ಬಾಗಿಲಿಗೆ ಬಂದವನು ಒಬ್ಬನೇ. ಉಳಿದವರೆಲ್ಲ ಬೆಳ್ಳಗಾಗಲು ಬರುವವರು. ಮಲ್ಲೇಶಿ ಮಾತ್ರ ತನ್ನ ಅಗಲವಾದ ಭುಜಗಳನ್ನು ಓರೆ ಮಾಡಿ ಒಳಗೆ ನುಗ್ಗಿ, "ಅಕ್ಕಾ, ನನ್ನ ಕರ್ರಗ ಮಾಡ್ರಿ" ಎಂದ. ಮುಖಕ್ಕೆ ಪ್ಯಾಕ್ ಹಚ್ಚಿಕೊಂಡು ಕೂತಿದ್ದ ಹೆಂಗಸು ನಕ್ಕ ರಭಸಕ್ಕೆ ಪ್ಯಾಕ್ ಬಿರುಕು ಬಿಟ್ಟಿತು.

ಅವನು ಸಿರಿಗೇರಿಯವನು. ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಜಿಮ್ ಇಟ್ಟಿದ್ದ. ಬೇಯಿಸಿದ ಮೊಟ್ಟೆಯ ಬಿಳಿ ಭಾಗ ತಾನು ತಿಂದು, ಹಳದಿಯನ್ನು ಡಬ್ಬಿಯಲ್ಲಿ ಹಾಕಿ ನನ್ನ ಕೆಲಸದ ಹುಡುಗಿಯರಿಗೆ ಕಳಿಸುತ್ತಿದ್ದ. ಮೆಟ್ಟಿಲಲ್ಲಿ ಯಾರು ಸಿಕ್ಕರೂ, "ಅಮ್ಮಾರ, ಬೆನ್ನು ನೆಟ್ಟಗ ಮಾಡ್ರಿ" ಎನ್ನದೆ ಬಿಡುತ್ತಿರಲಿಲ್ಲ. ದೇಹದಾರ್ಢ್ಯ ಸ್ಪರ್ಧೆಯೆಂದರೆ ಹುಚ್ಚು. ಆದರೆ ಹುಟ್ಟಾ ಬೆಳ್ಳಗಿನ ಮೈ. ವೇದಿಕೆಯ ದೀಪ ಬಿದ್ದರೆ ಸ್ನಾಯುಗಳ ಗೆರೆಗಳೇ ಕಾಣುತ್ತಿರಲಿಲ್ಲ.

"ಸ್ಟೇಜ್ ಮ್ಯಾಲೆ ನಿಂತ್ರ ಜ್ವಾಳದ ಮುದ್ದಿ ನಿಂತಂಗ ಕಾಣ್ತೈತಿ ಅಕ್ಕಾ. ವರ್ಷಗಟ್ಟಲೆ ಕಷ್ಟಪಟ್ಟಿದ್ದು ಒಂದೂ ಕಾಣಂಗಿಲ್ಲ."

ಅವನೇ ತಂದುಕೊಟ್ಟ ಕಂದು ಬಣ್ಣವನ್ನು ಸ್ಪಂಜಿನಿಂದ ಬಳಿದು ಕಳಿಸಿದೆ. ಸ್ಪರ್ಧೆ ಸಿರುಗುಪ್ಪದ ಒಂದು ಕಲ್ಯಾಣಮಂಟಪದಲ್ಲಿ. ಒಳಗೆ ಧಗೆ. ಬೆವರು ಇಳಿದಂತೆ ಬಣ್ಣವೂ ಇಳಿಯಿತು, ಮಣ್ಣಿನ ಗೋಡೆಯ ಮೇಲೆ ಮಳೆನೀರು ಹರಿದ ಹಾಗೆ. ಹಿಂದಿನ ಸಾಲಿನಿಂದ ಯಾರೋ "ರಂಗು ಹೋತಲೇ!" ಎಂದು ಕೂಗಿದರು. ಇಡೀ ಮಂಟಪ ನಕ್ಕಿತು. ಆ ನಗೆಯನ್ನು ಮಲ್ಲೇಶಿ ಮರೆಯಲೇ ಇಲ್ಲ.

ಮುಂದಿನ ತಿಂಗಳು ನಾಲ್ವರು ಸೇರಿ ಜಿಮ್ಮಿಗೆ ಉದ್ದನೆಯ ಪೆಟ್ಟಿಗೆಯೊಂದನ್ನು ಹೊತ್ತು ತಂದರು. ಹೈದರಾಬಾದಿನಲ್ಲಿ ಮುಚ್ಚಿಹೋದ ಜಿಮ್ಮೊಂದರ ಮಾಲು. ಒಳಗೆಲ್ಲ ಟ್ಯೂಬ್‌ಲೈಟಿನಂಥ ದೀಪಗಳು. ಬರಿಮೈಯಲ್ಲಿ ಮಲಗಿ ಮುಚ್ಚಳ ಎಳೆದುಕೊಂಡರೆ ಆ ಬೆಳಕಿಗೆ ಚರ್ಮ ಕಪ್ಪಾಗುತ್ತದಂತೆ.

"ಬಳ್ಳಾರಿಯಾಗ ಕುಂತು, ಕರೆಂಟು ಸುಟ್ಟು ಬಿಸಿಲು ಮಾಡ್ತೀಯೇನಲೇ?" ಎಂದೆ.

"ಹೊರಗಿನ ಬಿಸಿಲು ಒಂದು ಕಡಿ ಹಿಡಿತೈತಿ, ಇನ್ನೊಂದು ಕಡಿ ಬಿಡ್ತೈತಿ. ಇದು ಒಂದ ಸಮ ಹಿಡಿತೈತಿ ಅಕ್ಕಾ. ಬೆವರಿಗೆ ಇಳಿಯಂಗಿಲ್ಲ."

ನನಗೆ ಪರಿಚಯದ ಚರ್ಮದ ಡಾಕ್ಟರಮ್ಮ ಒಬ್ಬರಿದ್ದರು. ಅವರನ್ನು ಕೇಳಿದೆ. ಆ ಬೆಳಕು ಚರ್ಮವನ್ನು ಒಳಗಿನಿಂದ ಕೆಡಿಸುತ್ತದೆ, ಕ್ಯಾನ್ಸರಿಗೂ ದಾರಿ, ಬಣ್ಣ ಬೇಕಿದ್ದರೆ ಹಚ್ಚಿಕೊಳ್ಳಲಿ, ಸುಟ್ಟುಕೊಳ್ಳುವುದು ಬೇಡ ಎಂದರು. ಹೋಗಿ ಹಾಗೆಯೇ ಹೇಳಿದೆ.

"ನಮ್ಮಪ್ಪ ಜೀವಮಾನ ಎಲ್ಲಾ ಹೊಲದಾಗ ನಿಂತಾನ. ಅವಗೇನಾತು?"

"ನಿಮ್ಮಪ್ಪ ತೆಲಿಗೆ ರುಮಾಲು, ಮೈತುಂಬ ಅಂಗಿ ಹಾಕ್ಕೊಂಡು ನಿಂತಾನ. ನಡು ಮಧ್ಯಾಹ್ನ ಬೇವಿನ ಗಿಡದ ಕೆಳಗ ಕುಂತಾನ. ಬರಿಮೈಲೆ ಪೆಟ್ಟಿಗ್ಯಾಗ ಮಕ್ಕೊಂಡಿಲ್ಲ."

ನಕ್ಕುಬಿಟ್ಟ. ಅವನ ಜೊತೆ ವಾದ ಮಾಡುವುದೆಂದರೆ ಹಾಗೆಯೇ. ನಾವು ಕುದಿಯುತ್ತಿರುತ್ತೇವೆ, ಅವನು ನಗುತ್ತಿರುತ್ತಾನೆ.

ಹಟಕ್ಕೆ ಬಿದ್ದು ನಾನೇ ಹುಡುಕಿ ಬೇರೆ ಲೋಷನ್ ತರಿಸಿದೆ. ಅದು ಬರೀ ಬಣ್ಣವಲ್ಲ, ಹಚ್ಚಿದ ಕೆಲವು ಗಂಟೆಗಳಲ್ಲಿ ಚರ್ಮದ ಮೇಲ್ಪದರವೇ ಕಂದಾಗುವಂಥದ್ದು. ಬೆವರಿಗೆ ಜಗ್ಗುವುದಿಲ್ಲ, ವಾರದಲ್ಲಿ ತಾನಾಗಿ ಬಿಡುತ್ತದೆ. ಮೊದಲು ಮೊಣಕೈ ಒಳಗೆ ಚೂರು ಹಚ್ಚಿ, ತುರಿಕೆ ಬರಲಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಮೈ ಉಜ್ಜಿಸಿ, ಎಣ್ಣೆಯ ಪಸೆ ತೆಗೆದು, ತೆಳುವಾಗಿ ಹಚ್ಚಿ, ಫ್ಯಾನಿನ ಕೆಳಗೆ ಕೈಯೆತ್ತಿ ನಿಲ್ಲಿಸಿ ಒಣಗಿಸಿದೆ. ಮರುದಿನ ಕನ್ನಡಿ ನೋಡಿ, "ಅಕ್ಕಾ, ತಾಮ್ರದ ಕೊಡ ಆಗೀನಿ!" ಎಂದು ಕುಣಿದಾಡಿದ. ಆ ಸಲ ಮೊದಲ ಸ್ಥಾನವೂ ಬಂತು. ಇನ್ನು ಪೆಟ್ಟಿಗೆಯ ಪೀಡೆ ತೊಲಗಿತೆಂದು ನಾನು ನಿಟ್ಟುಸಿರು ಬಿಟ್ಟೆ.

ವಾರ ಕಳೆಯುವುದರೊಳಗೆ ಮೇಲಿಂದ ಮತ್ತೆ ಪೆಟ್ಟಿಗೆಯ ಗುಂಯ್ ಸದ್ದು.

"ಪೆಟ್ಟಿಗಿ ತಳಪಾಯ ಅಕ್ಕಾ. ನಿಮ್ಮದು ಸುಣ್ಣಬಣ್ಣ. ಎರಡೂ ಬೇಕು."

ಹೀಗೆ ವರ್ಷಗಳು ಹೋದವು. ಒಮ್ಮೆ ಲೋಷನ್ ಹಚ್ಚುವಾಗ ಅವನ ಎಡ ಬೆನ್ನಿನ ಮಚ್ಚೆಯ ಮೇಲೆ ನನ್ನ ಕೈ ನಿಂತಿತು. ಮೊದಲು ಎಳ್ಳಿನಷ್ಟಿದ್ದದ್ದು ಹುಣಸೆ ಬೀಜದಷ್ಟಾಗಿತ್ತು. ಅಂಚು ಹರಿದಂತೆ, ಒಂದು ಕಡೆ ಕಪ್ಪು, ಒಂದು ಕಡೆ ಕೆಂಪು.

"ಅಂಗಿ ಹಾಕ್ಕೋ. ಈಗ ಡಾಕ್ಟರಮ್ಮನ ಹತ್ರ ನಡಿ."

"ಕಾಂಪಿಟೇಶನ್ ಮುಗೀಲಿ ಅಕ್ಕಾ. ಈಗ ಕೊಯ್ದ್ರ ಹೊಲಿಗಿ ಹಾಕ್ತಾರ. ಬೆನ್ನು ತೋರ್ಸಾಕ ಬರಂಗಿಲ್ಲ."

ನಾನು ಕೈಗವಸು ಕಳಚಿ ಎಸೆದೆ. ತೋರಿಸಿಕೊಂಡು ಬರುವ ತನಕ ಹಚ್ಚುವುದಿಲ್ಲ ಎಂದೆ. ಅವನು ಮೇಲೆ ಹೋಗಿ ಶಿಷ್ಯನೊಬ್ಬನ ಕೈಲಿ ಹಚ್ಚಿಸಿಕೊಂಡ. ಆ ಸ್ಪರ್ಧೆ ಮುಗಿಯಿತು, ಅದರ ಹಿಂದೆ ಇನ್ನೊಂದು ಬಂತು. ಕೊನೆಗೆ ಅವನ ಹೆಂಡತಿ ಗಿರಿಜಾಳನ್ನು ಕರೆದು ಹೇಳಿದೆ. ಅವಳು ಅತ್ತು, ಜಗಳಾಡಿ ಎಳೆದುಕೊಂಡು ಹೋಗುವಷ್ಟರಲ್ಲಿ ಕಂಕುಳಲ್ಲಿ ಗಂಟು ಕಟ್ಟಿತ್ತು. ಕ್ಯಾನ್ಸರ್ ಬೆನ್ನು ದಾಟಿತ್ತು.

ಆಪರೇಷನ್ ಆಯಿತು, ಬೆಂಗಳೂರಿಗೆ ಓಡಾಟವಾಯಿತು. ಜಿಮ್ ಮುಚ್ಚಿ, ಗಂಡ ಹೆಂಡತಿ ಕುರುಗೋಡಿನ ಅವಳ ತವರಿಗೆ ಹೋದರು.

ಒಂದು ಭಾನುವಾರ ನೋಡಲು ಹೋದೆ. ಪೆಟ್ಟಿಗೆಯ ಸುದ್ದಿ ಎತ್ತಬಾರದೆಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡಿದ್ದೆ. ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಆ ತೋಳುಗಳು ಎಲ್ಲಿಗೆ ಹೋದವೋ! ಅವನೇ ಸುದ್ದಿ ತೆಗೆದ.

"ಅಕ್ಕಾ, ಪೆಟ್ಟಿಗಿಯಿಂದಾನ ಬಂತು ಅಂತ ಖಾತ್ರಿ ಹೇಳಾಕ ಬರಂಗಿಲ್ಲ ಅಂದ್ರು ಡಾಕ್ಟ್ರು."

ನನ್ನ ತಲೆ ಕೆಟ್ಟಿತು. "ಇನ್ನೂ ಅದರ ವಕಾಲತ್ತು ಮಾಡ್ತೀಯೇನಲೇ? ಎಷ್ಟು ಸಲ ಬಡ್ಕೊಂಡೆ ನಿನಗ? ಆ ಮಚ್ಚಿ ನೋಡಿದ ದಿನಾನ ಹೋಗಿದ್ರ..." ಜೋರಾಗಿ ಕೂಗಿಬಿಟ್ಟೆ. ಒಳಗಿನಿಂದ ಗಿರಿಜಾ ಓಡಿ ಬಂದು, "ಬ್ಯಾಡ್ರಿ ಅಕ್ಕಾ" ಎಂದು ನನ್ನ ಕೈ ಹಿಡಿದಳು.

ಮಲ್ಲೇಶಿ ಅವಳನ್ನು ತಡೆದ. "ಬೈಲಿ ಬಿಡು" ಎಂದು ನನ್ನ ಕಡೆ ತಿರುಗಿದ. "ಬೈಯ್ರಿ ಅಕ್ಕಾ. ಈಗ ಎಲ್ಲಾರೂ ನನ್ನ ಕೂಡ ಮೆಲ್ಲಕ ಮಾತಾಡ್ತಾರ. ಸತ್ತಂಗ ಆಗೈತಿ. ನೀವಾದ್ರೂ ಜೋರಾಗಿ ಬೈಯ್ರಿ."

ಗಿರಿಜಾ ತಂದ ಚಹಾ ಕುಡಿದು ಎದ್ದೆ. ಬಳ್ಳಾರಿ ಬಸ್ಸು ಹತ್ತಿ ಕೂತ ಮೇಲೆ ಬೈಗುಳಗಳು ಒಂದರ ಹಿಂದೊಂದು ನಾಲಿಗೆಗೆ ಬಂದವು. ಮುಂದಿನ ಭಾನುವಾರ ಬಂದು ಎಲ್ಲ ಬೈದುಬಿಡುತ್ತೇನೆ ಎಂದುಕೊಂಡೆ. ಶುಕ್ರವಾರ ಗಿರಿಜಾಳ ಫೋನು ಬಂತು.