ಹೆಸರು ಬೇಡವೆಂದವರು

ನಮ್ಮ ಅಡುಗೆಮನೆಯಲ್ಲಿ ಹೆಸರಿಲ್ಲದ ಪಾತ್ರೆ ಸಿಗುವುದು ಕಷ್ಟ. ನೀರಿನ ತಂಬಿಗೆಯ ಮೇಲೆ ಸೋದರತ್ತೆಯ ಹೆಸರು, ಅವಲಕ್ಕಿ ಡಬ್ಬಿಯ ಮೇಲೆ ಯಾವುದೋ ಮದುವೆಯ ವಧೂವರರ ಹೆಸರು, ಸೌಟಿನ ಹಿಡಿಕೆಯ ಮೇಲೂ ಇಕ್ಕಟ್ಟಿನಲ್ಲಿ ಕೊರೆಸಿದ ಎರಡಕ್ಷರ. ಕೊಟ್ಟವರಲ್ಲಿ ಅರ್ಧ ಜನ ಈಗಿಲ್ಲ, ಇರುವವರಲ್ಲಿ ಕೆಲವರೊಡನೆ ಮಾತಿಲ್ಲ, ಆದರೂ ದಿನಾ ಅವರನ್ನೆಲ್ಲ ತೊಳೆದು ಬೋರಲು ಹಾಕುತ್ತೇವೆ. ಕೊಡುವುದೆಂದರೆ ಹೆಸರು ಹಾಕಿ ಕೊಡುವುದು ಎಂದೇ ತಿಳಿದು ಬೆಳೆದವನು ನಾನು. ಓದುಗ ಮಿತ್ರರೇ, ನಿಮ್ಮೆದುರು ಮುಚ್ಚಿಡುವುದೇನು, ಕಾರ್ಯಕ್ರಮವೆಂದರೆ ನನಗೆ ಪ್ರಾಣ. ಬ್ಯಾನರು, ಮೈಕು, ಶಾಲು, ಹಾರ ಇವು ನಾಲ್ಕಿದ್ದರೆ ನನಗೆ ಹಸಿವೆಯೂ ಆಗುವುದಿಲ್ಲ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಈ ಚಟ ಇನ್ನಷ್ಟು ಬಲಿಯಿತೆಂದು ಜೇವರ್ಗಿ ಕಾಲೋನಿಯ ನಮ್ಮ ಓಣಿಯವರೆಲ್ಲ ಸಾಕ್ಷಿ ಹೇಳಿಯಾರು.

ಎಜ್ರಾ ಎಂಬ ಗೆಳೆಯ ನನಗಿದ್ದಾನೆ. ನಾನು ಠಾಣೆ ನಗರದ ಬ್ಯಾಂಕ್ ಶಾಖೆಯಲ್ಲಿ ಕೆಲಸಕ್ಕಿದ್ದಾಗ ಎದುರಿನ ಮೇಜಿನಲ್ಲಿ ಕೂರುತ್ತಿದ್ದವನು. ಕೊಂಕಣದ ಯೆಹೂದಿ, ಮನೆಮಾತು ಮರಾಠಿ. ಅವರ ಪ್ರಾರ್ಥನಾ ಮಂದಿರದ ಜನ ವರ್ಷಕ್ಕೊಂದು ಊರಿಗೆ ಒಟ್ಟಾಗಿ ಹೊರಟು, ನೋಡುವುದನ್ನು ನೋಡಿ, ಅಲ್ಲಿಯ ಆಸ್ಪತ್ರೆಗೋ ಆಶ್ರಮಕ್ಕೋ ಕೈಲಾದದ್ದನ್ನು ಕೊಟ್ಟು ಬರುವುದು ರೂಢಿ. ಕಳೆದ ಚಳಿಗಾಲದಲ್ಲಿ ನಮ್ಮ ಕಲಬುರಗಿಯ ಸರದಿ ಬಂತು. ಕಮಲಾಪುರದಲ್ಲೊಂದು ಚಿಕ್ಕ ವೃದ್ಧಾಶ್ರಮವಿದೆಯೆಂದು ಹೇಳಿದವನು ನಾನೇ. ಎಜ್ರಾ ಫೋನಿನಲ್ಲಿ ಒಂದೇ ಒಂದು ಮಾತು ಕೇಳಿಕೊಂಡ. ಕಂಬಳಿಗಳನ್ನು ಮುಂಚೆಯೇ ಕಳಿಸುತ್ತೇವೆ, ಯಾರು ಕೊಟ್ಟರೆಂದು ಹೇಳದೆ ಉಗ್ರಾಣದಲ್ಲಿಡಿಸು, ಭಾನುವಾರ ನಾವು ಬರಿಯ ಅತಿಥಿಗಳಾಗಿ ಬಂದು ಅವರೊಡನೆ ಕೂತು ಮಾತಾಡಿ ಹೋಗುತ್ತೇವೆ ಎಂದ. ಪಡೆದವರಿಗೆ ಕೊಟ್ಟವರು ಗೊತ್ತಿರಬಾರದು, ಕೊಟ್ಟವರಿಗೆ ಪಡೆದವರು ಗೊತ್ತಿರಬಾರದು ಎಂಬುದು ಅವರ ಹಿರಿಯರ ನಡೆಯಂತೆ.

ನಾನು ಹೂಂ ಎಂದೆ. ಆದರೆ ನಮ್ಮ ಕಡೆ ಬೇಡವೆನ್ನುವುದಕ್ಕೆ ಬೇರೆಯೇ ಬೆಲೆಯಿದೆಯಲ್ಲವೇ! ಎಲೆಯ ಮೇಲೆ ಕೈ ಅಡ್ಡ ಹಿಡಿದವನಿಗೆ ಬೆರಳ ಸಂದಿಯಿಂದಲಾದರೂ ಇನ್ನೊಂದು ಹೋಳಿಗೆ ಇಳಿಸದಿದ್ದರೆ ನಮಗೆ ಸಮಾಧಾನವಿಲ್ಲ. ಎಜ್ರಾನ ಬೇಡವನ್ನೂ ದೊಡ್ಡವರ ಸಂಕೋಚವೆಂದೇ ಲೆಕ್ಕ ಹಾಕಿದೆ. ಶನಿವಾರ ಅವರಿಗೆ ಸಬ್ಬತ್, ವಿಶ್ರಾಂತಿಯ ದಿನ. ಬಂದಿಳಿದ ಇಪ್ಪತ್ತೆರಡು ಜನವೂ ಹೋಟೆಲಿನಲ್ಲಿ ಪ್ರಾರ್ಥನೆ ಮಾಡಿಕೊಂಡಿದ್ದರೆ ನಾನು ಅವರ ಮಂದಿರದ ಹೆಸರನ್ನು ಮೊಳದುದ್ದದ ಅಕ್ಷರಗಳಲ್ಲಿ ಬ್ಯಾನರಿಗೆ ಏರಿಸುತ್ತಿದ್ದೆ. ಉಗ್ರಾಣ ಸೇರಿದ್ದ ಕಂಬಳಿಗಳನ್ನು ವೇದಿಕೆಗೆ ತರಿಸುವ ವ್ಯವಸ್ಥೆಯೂ ಆಯಿತು.

ಭಾನುವಾರ ಬೆಳಿಗ್ಗೆ ಕೋಟೆ ನೋಡಿದರು, ಉದ್ದನೆಯ ಫಿರಂಗಿಯ ಪಕ್ಕ ನಿಂತರು, ಒಳಗಿನ ಮಸೀದಿಯ ಕಮಾನುಗಳ ಸಾಲಿನಲ್ಲಿ ಎಷ್ಟೋ ಹೊತ್ತು ಸುಮ್ಮನೆ ಅಡ್ಡಾಡಿದರು. ಊಟದಲ್ಲಿ ಅವರ ನೇಮಗಳು ಹಲವಿದ್ದರೂ ಖಾನಾವಳಿಯ ರೊಟ್ಟಿ, ಎಣ್ಣೆಗಾಯಿ, ಶೇಂಗಾಹಿಂಡಿಯ ಮುಂದೆ ಯಾವ ತೊಡಕೂ ಬರಲಿಲ್ಲ. ಮಧ್ಯಾಹ್ನ ಬಸ್ಸು ಕಮಲಾಪುರ ಮುಟ್ಟಿತು. ಆಶ್ರಮದ ಬಾಗಿಲಲ್ಲಿ ಬ್ಯಾನರು ಕಂಡೊಡನೆ ಎಜ್ರಾನ ಮುಖ ಇಳಿಯಿತು. ಹತ್ತಿರ ಬಂದು ಇದನ್ನು ತೆಗೆಸಲಾಗುವುದೇ ಎಂದು ಮೆಲ್ಲಗೆ ಕೇಳಿದ. ಐದೇ ನಿಮಿಷದ ಕಾರ್ಯಕ್ರಮವೆಂದು ಅವನ ಭುಜ ತಟ್ಟಿ ವೇದಿಕೆಗೆ ಕರೆದೊಯ್ದೆ.

ಮೈಕು ಹಿಡಿದು ಎದುರಿನ ಹಿರಿಯರನ್ನು ನೋಡಿದರೆ ಎರಡನೆಯ ಸಾಲಿನಲ್ಲಿ ಗಿರಿಜಾ ಅಕ್ಕೋರು ಕೂತಿದ್ದಾರೆ! ಆರನೆಯ ತರಗತಿಯಲ್ಲಿ ನನಗೆ ಲೆಕ್ಕ ಕಲಿಸಿದ ಟೀಚರು. ಮದುವೆಯಾಗದ ಅವರು ನಿವೃತ್ತಿಯ ಬಳಿಕ ಸೊಲ್ಲಾಪುರದ ತಮ್ಮನ ಮನೆಯಲ್ಲಿದ್ದಾರೆಂದು ನಾವೆಲ್ಲ ತಿಳಿದಿದ್ದೆವು. ಅವರು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನನ್ನತ್ತ ನೋಡಿ ಬೇಡವೆಂದು ತಲೆಯಾಡಿಸಿದರು. ಆ ಬೇಡವೂ ನನಗೆ ಸಂಕೋಚವಾಗಿಯೇ ಕಂಡಿತು. ಇವರು ನಮ್ಮ ಗುರುಗಳು, ಮೊದಲ ಕಂಬಳಿ ಇವರಿಗೇ ಸಲ್ಲಬೇಕು ಎಂದು ಸಾರಿ, ಕೈಹಿಡಿದು ಮುಂದಕ್ಕೆ ಕರೆತಂದೆ. ಎಜ್ರಾ ಅಕ್ಕೋರ ಮುಖ ನೋಡಿದ, ಕಂಬಳಿಯನ್ನು ಪಕ್ಕದ ಕುರ್ಚಿಯ ಮೇಲಿಟ್ಟು ಸರಿದು ನಿಂತ. ನಾನು ಬಿಡಲಿಲ್ಲ. ಮತ್ತೆ ಕರೆದು, ಇಬ್ಬರನ್ನೂ ಜೋಡಿಸಿ ನಿಲ್ಲಿಸಿ ಫೋಟೋ ತೆಗೆಸಿದೆ. ವಾಪಸು ಬರುವಾಗ ಬಸ್ಸಿನಲ್ಲೇ ಕೂತು ಅದನ್ನು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕಿದೆ.

ರೈಲು ಹತ್ತಿಸಲು ಹೋದಾಗ ಎಜ್ರಾ ಊಟದ ವ್ಯವಸ್ಥೆಯನ್ನು ಹೊಗಳಿದ, ಕೋಟೆಯನ್ನು ಹೊಗಳಿದ. ಆಮೇಲೆ, ಆ ತಾಯಿಯ ಮುಖ ನೋಡಿದೆಯಾ ನೀನು, ಎಂದು ಕೇಳಿದ. ಐವತ್ತು ವರ್ಷದಿಂದ ನೋಡಿದ ಮುಖವಲ್ಲವೇ ಎಂದು ನಕ್ಕುಬಿಟ್ಟೆ. ಅವನು ನಗಲಿಲ್ಲ.

ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಗುಡಿಯ ಫ್ಯಾನಿನ ರೆಕ್ಕೆಗೆ ಹೆಸರು ಬರೆಸಿದರೆ ತಿರುಗುವಾಗ ಓದಲಾಗುವುದಿಲ್ಲ, ಯಾರಿಗೂ ಕೆಡುಕಿಲ್ಲ. ಆದರೆ ಕೊಟ್ಟವನ ಹೆಸರು ಕಾಣಲೆಂದು ಪಡೆದವರ ಮುಖವನ್ನೂ ಬೆಳಕಿಗೆ ಎಳೆಯುತ್ತೇವಲ್ಲ, ಅದಕ್ಕೆ ಉದಾರತೆಯೆಂಬ ಹೆಸರು ಹೇಗೆ ಒಪ್ಪೀತು? ಅವರ ಧರ್ಮಭಾಷೆಯಲ್ಲಿ ದಾನವೆಂಬ ಮಾತು ನ್ಯಾಯವೆಂಬ ಮಾತಿನಿಂದಲೇ ಹುಟ್ಟಿದ್ದೆಂದು ಎಜ್ರಾ ಹಿಂದೊಮ್ಮೆ ಹೇಳಿದ್ದ. ಆಗ ನಾನು ತಲೆದೂಗಿದ್ದೆ. ತಲೆದೂಗುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ಫೋಟೋ ಹೊರಬಿದ್ದ ಮೇಲೆ ನಮ್ಮ ತರಗತಿಯವರು ಒಬ್ಬೊಬ್ಬರಾಗಿ ಕಮಲಾಪುರಕ್ಕೆ ಹೋಗತೊಡಗಿದರು. ಬಿಸ್ಕೀಟು, ಸ್ವೆಟರು, ಹಾರ, ಮತ್ತೆ ಅಕ್ಕೋರ ಪಕ್ಕ ನಿಂತು ಇನ್ನೊಂದು ಫೋಟೋ. ಎಜ್ರಾನ ಪ್ರಶ್ನೆ ಮನಸ್ಸಿನಿಂದ ಹೋಗದೆ, ತಿಂಗಳಾದ ಮೇಲೆ ನಾನೂ ಒಂದು ಚೀಲ ಸೇಬು ಹಿಡಿದು ಹೋದೆ. ಅಕ್ಕೋರು ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ತಪ್ಪಾಯಿತೆಂದು ಕಾಲಿಗೆರಗಿದೆ. ಅವರು ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು.

"ಸೊಲ್ಲಾಪುರದಾಗ ಇದ್ದೀನಿ ಅಂದಿದ್ದು ಸುಳ್ಳೇ ಅದಪ್ಪಾ," ಎಂದರು. "ಆದ್ರ ಆ ಸುಳ್ಳಿನಾಗ ನಾ ಅಕ್ಕೋರಾಗೇ ಇದ್ದೆ. ನಿಮ್ಮ ಕ್ಲಾಸಿನ ಶಾಂತಾ ಮೊಮ್ಮಗನ ಲೆಕ್ಕ ಬಿಡಿಸಾಕ ವಾರಾ ವಾರಾ ಫೋನ್ ಮಾಡ್ತಿದ್ಲು. ಇನ್ನೂ ನಾಕೈದು ಮಂದಿ ಮಾಡ್ತಿದ್ರು. ಈಗ ಯಾರೂ ಲೆಕ್ಕ ಕೇಳಂಗಿಲ್ಲ. ಊಟ ಆಯ್ತೇನ್ರಿ ಅಂತ ಕೇಳ್ತಾರ."

ಸೇಬಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದೆ. ಅವರು ಅಡುಗೆಯವಳನ್ನು ಕರೆದು, ಎಲ್ಲರಿಗೂ ಹೆಚ್ಚಿಕೊಡು ಎಂದು ಅದನ್ನು ಒಳಗೆ ಕಳಿಸಿದರು. ಏಳುವಾಗ ನನ್ನ ಕೈ ಹಿಡಿದುಕೊಂಡರು.

"ಇನ್ನೊಮ್ಮೆ ಬರೋದಿದ್ರ ಬರಿಗೈಲೆ ಬಾ."

ಆ ಬಳಿಕ ಎರಡು ಸಲ ಕಮಲಾಪುರದ ಬಸ್ಸಿಗೆಂದು ಹೊರಟೆ. ಎರಡು ಸಲವೂ ನಿಲ್ದಾಣದ ಎದುರು ಕಾಲು ತಾನಾಗಿ ಹಣ್ಣಿನ ಗಾಡಿಯ ಮುಂದೆ ನಿಂತಿತು. ಕೊಂಡ ಹಣ್ಣನ್ನು ಹಿಡಿದು ಮನೆಗೆ ಮರಳಿದೆ. ಏನನ್ನೂ ಕೊಡದೆ ಹೋದರೆ ಅಕ್ಕೋರ ಎದುರು ನಾನು ಯಾರೆಂದು ಕೂರಲಿ? ಅವರಿಗೆ ಎಂಬತ್ತೆರಡು ದಾಟಿದೆ. ನನಗಿನ್ನೂ ಬರಿಗೈಯಲ್ಲಿ ಹೋಗಲು ಬಂದಿಲ್ಲ.